924ರ ಎರಡು ಮಗ್ಗುಲು

463, 467, 479, 487, 491, 499, 503.

ಇವು ಒಂದರ ಬೆನ್ನಿಗೆ ಒಂದು ಬರುವ ಏಳು ಅವಿಭಾಜ್ಯ ಸಂಖ್ಯೆಗಳು. ನಡುವೆ ಯಾವುದನ್ನೂ ನಾನು ಹಾರಿಸಿಲ್ಲ. ಒಂದೊಂದನ್ನೂ ನಾಲ್ಕರಿಂದ ಭಾಗಿಸಿ ನೋಡಿ: ಏಳಕ್ಕೆ ಏಳೂ ಮೂರನ್ನೇ ಶೇಷ ಉಳಿಸುತ್ತವೆ.

ನನಗೆ ಇದು ಕಣ್ಣಿಗೆ ಬಿದ್ದದ್ದು ಮಳೆ ಹಿಡಿದ ಒಂದು ಮಧ್ಯಾಹ್ನ. ಚೌಕಳಿ ಪುಸ್ತಕದಲ್ಲಿ ಸಾವಿರದವರೆಗಿನ ಅವಿಭಾಜ್ಯಗಳನ್ನು ಬರೆದುಕೊಂಡು ಬಣ್ಣ ಹಚ್ಚುತ್ತ ಕೂತಿದ್ದೆ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿದರೆ ನೀಲಿ, ಮೂರು ಉಳಿದರೆ ಕೆಂಪು. ಬೆಸ ಸಂಖ್ಯೆಗೆ ಈ ಎರಡು ಬಿಟ್ಟು ಬೇರೆ ಶೇಷ ಬರುವಂತಿಲ್ಲ. ಅವಿಭಾಜ್ಯಗಳಲ್ಲಿ ಸಮಸಂಖ್ಯೆಯೆಂದರೆ ಎರಡು ಒಂದೇ, ಅದನ್ನು ಪಕ್ಕಕ್ಕಿಟ್ಟಿದ್ದೆ. ಶುರುವಿನಲ್ಲಿ ಬಣ್ಣಗಳು ಸರದಿ ತಪ್ಪದೆ ಬಂದವು. 3 ಕೆಂಪು, 5 ನೀಲಿ, 7 ಮತ್ತು 11 ಕೆಂಪು, 13 ಮತ್ತು 17 ನೀಲಿ, 19 ಮತ್ತು 23 ಕೆಂಪು. ಆಮೇಲೆ 89, 97, 101 ಎಂದು ಮೂರು ನೀಲಿ ಒಟ್ಟಿಗೆ ಬಂದವು. 199, 211, 223, 227 ನಾಲ್ಕು ಕೆಂಪು. 389ರಿಂದ 409ರವರೆಗೆ ನಾಲ್ಕು ನೀಲಿ. 463ಕ್ಕೆ ಬಂದಾಗ ಕೆಂಪು ಪೆನ್ನನ್ನು ಕೆಳಗಿಡುವ ಪ್ರಸಂಗವೇ ಬರಲಿಲ್ಲ. 509ರಲ್ಲಿ ನೀಲಿ ಬಂದು ಆ ಓಟ ಮುರಿಯಿತು. ಪುಸ್ತಕ ಮುಗಿದ ಮೇಲೂ ಹುಚ್ಚು ಬಿಡದೆ ಮುಂದಕ್ಕೆ ಹೋದರೆ, 11593ರಿಂದ 11689ರವರೆಗೆ ಒಂಬತ್ತು ಅವಿಭಾಜ್ಯಗಳು ಸಾಲಾಗಿ ನೀಲಿಯೇ.

ಇಂಥ ಓಟ ಎಷ್ಟು ಉದ್ದ ಹೋಗಬಹುದು? ಹತ್ತು? ನೂರು? ಒಂದು ಲಕ್ಷ ಅವಿಭಾಜ್ಯಗಳು ಸಾಲಾಗಿ ಒಂದೇ ಬಣ್ಣ ತಳೆದು ನಿಲ್ಲುವ ಜಾಗ ಸಂಖ್ಯೆಗಳ ರೇಖೆಯ ಮೇಲೆ ಎಲ್ಲಾದರೂ ಇದೆಯೇ?

ಇದೆ. ಎಷ್ಟು ಉದ್ದ ಕೇಳಿದರೂ ಇದೆ. ನಾಲ್ಕರ ಬದಲು ಯಾವ ಭಾಜಕ ಹಿಡಿದರೂ, ಅದಕ್ಕೆ ಸಲ್ಲುವ ಯಾವ ಶೇಷ ಕೇಳಿದರೂ ಇದೆ. ಡಿ. ಕೆ. ಎಲ್. ಶಿಯು ಎಂಬ ಗಣಿತಜ್ಞರು ಇದನ್ನು ಸಾಧಿಸಿದ ಪ್ರಬಂಧ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 2000ದಲ್ಲಿ ಅಚ್ಚಾಯಿತು. ಒಂದು ಲಕ್ಷದ ಆ ಓಟವನ್ನು ಅವರು ಹುಡುಕಿ ತೋರಿಸಿದ್ದಾರೆ ಎಂದುಕೊಳ್ಳಬೇಡಿ. ಹುಡುಕದೆಯೇ, ಅದು ಇರಲೇಬೇಕು ಎಂದು ತೋರಿಸಿದ ಅವರ ಕಸುಬುಗಾರಿಕೆಯನ್ನು ಹತ್ತಿರದಿಂದ ನೋಡುವುದು ಈ ಬರಹದ ಆಸೆ. ಮಗ್ಗಿ ಮತ್ತು ಭಾಗಾಹಾರ ಬಂದರೆ ಅದರ ಮುಖ್ಯ ಪಟ್ಟು ಅರ್ಥವಾಗುತ್ತದೆ.

ಶೇಷ ಲೆಕ್ಕ ನಮಗೆ ಹೊಸದಲ್ಲ. ವಾರವೆಂದರೆ ಏಳರಿಂದ ಭಾಗಿಸಿ ಉಳಿದ ಶೇಷ. ಸಂವತ್ಸರದ ಹೆಸರು ಅರವತ್ತರಿಂದ ಭಾಗಿಸಿ ಉಳಿದದ್ದು. ಅದಕ್ಕೇ ಅಜ್ಜ ಹುಟ್ಟಿದ ಸಂವತ್ಸರದಲ್ಲೇ, ಅರವತ್ತು ವರ್ಷಗಳ ತರುವಾಯ, ಮೊಮ್ಮಗನೂ ಹುಟ್ಟಬಹುದು. ಅವಿಭಾಜ್ಯ ಸಂಖ್ಯೆಯೋ, ಒಂದರ ಮಗ್ಗಿ ಮತ್ತು ತನ್ನದೇ ಮಗ್ಗಿ ಬಿಟ್ಟು ಬೇರಾವ ಮಗ್ಗಿಯಲ್ಲೂ ಕಾಣಿಸಿಕೊಳ್ಳದ ಸಂಖ್ಯೆ. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದವರಲ್ಲಿ ದೊಡ್ಡ ಹೆಸರು ಜರ್ಮನಿಯ ಡಿರಿಕ್ಲೆ. ಭಾಜಕಕ್ಕೂ ಶೇಷಕ್ಕೂ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಆ ಶೇಷ ಉಳಿಸುವ ಅವಿಭಾಜ್ಯಗಳು ಅನಂತ ಎಂದು ಅವರು 1837ರಲ್ಲಿ ಸಾಧಿಸಿದರು. ನಮ್ಮ ಮಾತಿನಲ್ಲಿ ಹೇಳಿದರೆ ಕೆಂಪೂ ಮುಗಿಯುವುದಿಲ್ಲ, ನೀಲಿಯೂ ಮುಗಿಯುವುದಿಲ್ಲ. ಎರಡರ ಪಾಲೂ ಕಡೆಗೆ ಸಮವಾಗುತ್ತ ಹೋಗುತ್ತದೆ ಎಂದು 1896ರ ಹೊತ್ತಿಗೆ ಗೊತ್ತಾಯಿತು.

ಆದರೆ ಎಷ್ಟೆಷ್ಟು ಎನ್ನುವುದು ಒಂದು ಪ್ರಶ್ನೆ, ಯಾವ ಸರದಿಯಲ್ಲಿ ಎನ್ನುವುದು ಬೇರೆಯೇ ಪ್ರಶ್ನೆ. ಊಟಕ್ಕೆ ಐವತ್ತು ಗಂಡಸರು, ಐವತ್ತು ಹೆಂಗಸರು ಬಂದಿದ್ದಾರೆ ಎಂದರೆ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ತಿಳಿಯುವುದಿಲ್ಲ. ಕೆಂಪು, ನೀಲಿ, ಕೆಂಪು, ನೀಲಿ ಎಂದು ಅನಂತದವರೆಗೆ ಒಂದು ಬಿಟ್ಟು ಒಂದು ಬಂದರೂ ಡಿರಿಕ್ಲೆಯ ಮಾತಿಗೆ ಭಂಗವಿಲ್ಲ. ಪಕ್ಕಪಕ್ಕದ ಎರಡು ಅವಿಭಾಜ್ಯಗಳು, ನಾವು ಹೇಳಿದ ಶೇಷವನ್ನೇ ಎರಡೂ ಉಳಿಸುವುದು, ಅನಂತ ಸಲ ನಡೆಯುತ್ತದೆ ಎಂದು ಊಹಿಸಿದವರು ಸರ್ವದಮನ ಚೌಲಾ. ಲಂಡನ್ನಿನಲ್ಲಿ 1907ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಲಿಟಲ್‌ವುಡ್ ಅವರ ಶಿಷ್ಯರಾಗಿ, ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲೂ ಲಾಹೋರಿನಲ್ಲೂ ಪಾಠ ಹೇಳಿ, ದೇಶ ವಿಭಜನೆಯ ಹೊತ್ತಿಗೆ ಅಮೆರಿಕಕ್ಕೆ ಹೋದವರು. ಅವರು ಕೇಳಿದ್ದು ಎರಡೇ ಎರಡರ ಜೋಡಿ. ಅಷ್ಟನ್ನೂ ಪೂರ್ತಿಯಾಗಿ ಯಾರಿಗೂ ಸಾಧಿಸಲಾಗಿರಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಒಂದು ವಿಚಿತ್ರವನ್ನು ಹೇಳಲೇಬೇಕು, ಏಕೆಂದರೆ ಶಿಯು ಸಾಧಿಸಿದ್ದು ಎಂಥ ಹಟಮಾರಿ ಸರಕಿನ ಮೇಲೆ ಎಂಬುದು ಅದರಿಂದ ತಿಳಿಯುತ್ತದೆ. ಅವಿಭಾಜ್ಯಗಳಿಗೆ ಒಂದೇ ಶೇಷವನ್ನು ಮತ್ತೆ ಉಳಿಸುವುದು ಅಷ್ಟಾಗಿ ಸೇರುವುದಿಲ್ಲ! ಇದು ಬಯಲಾದದ್ದು 2016ರಲ್ಲಿ, ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಲೆಮ್ಕೆ ಆಲಿವರ್ ಮತ್ತು ಕಣ್ಣನ್ ಸೌಂದರರಾಜನ್ ಅವರಿಂದ. (ಸೌಂದರರಾಜನ್ ಚೆನ್ನೈಯವರು, ನಮ್ಮ ಬೆಂಗಳೂರಿನ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನದ ಗಣಿತ ಪ್ರಶಸ್ತಿ 2011ರಲ್ಲಿ ಅವರಿಗೆ ಸಂದಿತ್ತು.) ತಡಾಶಿ ಟೊಕಿಯೆಡಾ ಎಂಬ ಗಣಿತಜ್ಞರ ಉಪನ್ಯಾಸ ಕೇಳಿದ್ದು ಅವರಿಗೆ ಪ್ರೇರಣೆಯಾಯಿತಂತೆ. ನಾಣ್ಯ ಚಿಮ್ಮುತ್ತ ಹೋಗಿ ತಲೆಯ ಬೆನ್ನಿಗೇ ಬಾಲ ಬರುವ ತನಕ ಕಾಯುವವರಿಗೆ ಸರಾಸರಿ ನಾಲ್ಕು ಚಿಮ್ಮು ಸಾಕು. ತಲೆಯ ಬೆನ್ನಿಗೆ ತಲೆಯೇ ಬರಲಿ ಎಂದು ಕಾಯುವವರಿಗೆ ಆರು ಬೇಕು. ಇದು ಕೇಳಿದ ಮೇಲೆ ಸೌಂದರರಾಜನ್ ಅವಿಭಾಜ್ಯಗಳ ಜೋಡಿಗಳನ್ನು ಎಣಿಸಿ ನೋಡಿದರು.

ಎಣಿಕೆ ಹೀಗಿದೆ. ಮೊದಲ ಹತ್ತು ಕೋಟಿ ಅವಿಭಾಜ್ಯಗಳನ್ನು ತೆಗೆದುಕೊಳ್ಳಿ. ಬಿಡಿಸ್ಥಾನದಲ್ಲಿ 1 ಇರುವ ಅವಿಭಾಜ್ಯದ ಮುಂದಿನದು 1, 3, 7, 9ರಲ್ಲಿ ಯಾವುದಾದರೂ ಒಂದರಲ್ಲಿ ಮುಗಿಯಬೇಕು. ನ್ಯಾಯವಾಗಿ ಹಂಚಿದರೆ ತಲಾ 62.5 ಲಕ್ಷದಷ್ಟು ಬರಬೇಕು. 3ರಲ್ಲಿ ಮುಗಿದವು 74,29,438. 7ರಲ್ಲಿ 75,04,612. 9ರಲ್ಲಿ 54,42,345. ಮತ್ತೆ 1ರಲ್ಲೇ ಮುಗಿದವು 46,23,042 ಮಾತ್ರ. 9ರ ಬೆನ್ನಿಗೆ 1 ಬಂದದ್ದು 79,91,431 ಸಲ, 9ರ ಬೆನ್ನಿಗೆ 9 ಬಂದದ್ದು 46,22,916 ಸಲ. ಒಂದರ ನಂತರ ಮತ್ತೆ ಒಂದು ಬರುವ ಮೊದಲು ಮೂರು, ಏಳು, ಒಂಬತ್ತರ ಮನೆ ದಾಟಬೇಕಲ್ಲ, ಅದಕ್ಕೇ ಹೀಗೆ ಎಂದು ಯಾರಿಗಾದರೂ ತೋಚೀತು. ಅದು ಅರ್ಧ ಉತ್ತರ. ಈ ಒಲವು ಅದರಿಂದ ಮಾತ್ರ ವಿವರಿಸಲಾಗದಷ್ಟು ಬಲವಾಗಿದೆ. ಹಾರ್ಡಿ ಮತ್ತು ಲಿಟಲ್‌ವುಡ್ ಅವರ ಹಳೆಯ ಊಹೆಯೊಂದನ್ನು ನಂಬಿದರೆ ಈ ಅಂಕಿಗಳು ಹೀಗೇ ಬರಬೇಕೆಂದು ಲೆಮ್ಕೆ ಆಲಿವರ್ ಮತ್ತು ಸೌಂದರರಾಜನ್ ತೋರಿಸಿದರು. ಸಂಖ್ಯೆಗಳು ಬೆಳೆದಂತೆ ಒಲವು ಕರಗುತ್ತದೆ, ಆದರೆ ಬಹಳ ನಿಧಾನ.

ಹೀಗೆ ಮರುಕಳಿಸಲು ಹಿಂಜರಿಯುವ ಸಂಖ್ಯೆಗಳನ್ನು ಒಂದು ಲಕ್ಷ ಸಲ ಮರುಕಳಿಸುವಂತೆ ಮಾಡಬೇಕು. ಮಾಡುವುದು ಎಂದೆ, ತಪ್ಪು. ಅವಿಭಾಜ್ಯಗಳನ್ನು ಬಿತ್ತುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಕಳೆ ತೆಗೆಯುವುದು ಮಾತ್ರ.

ಅದು ಹೇಗೆಂದು ನೋಡಲು 924ರ ಹತ್ತಿರ ಹೋಗೋಣ. ಈ ಸಂಖ್ಯೆ 4×3×7×11. ನಾಲ್ಕು ಇರುವುದು ಶೇಷದ ಸಲುವಾಗಿ. 3, 7, 11 ಇವು ಮೊದಲ ಮೂರು ಕೆಂಪು ಅವಿಭಾಜ್ಯಗಳು. ನಮಗೆ ಬೇಕಾದದ್ದು ನೀಲಿ ಓಟ ಎಂದಿಟ್ಟುಕೊಳ್ಳಿ. ಹಾಗಾದರೆ 924ರ ಮುಂದಿನ ಹದಿನೆಂಟು ಸಂಖ್ಯೆಗಳಲ್ಲಿ, ಅಂದರೆ 925ರಿಂದ 942ರವರೆಗೆ, ಕೆಂಪಾಗಬಹುದಾದವು ಯಾವುವು? 924+3, 924+7, 924+11, 924+15. ನಾಲ್ಕೇ. 924 ಮೂರರ ಮಗ್ಗಿಯಲ್ಲಿದೆ, ಮೂರೂ ಇದೆ. ಕೂಡಿಸಿದರೆ 927, ಅದೂ ಮೂರರ ಮಗ್ಗಿಯಲ್ಲೇ. ಹಾಗೆಯೇ 931 ಏಳರ ಮಗ್ಗಿಯಲ್ಲಿ, 935 ಹನ್ನೊಂದರ ಮಗ್ಗಿಯಲ್ಲಿ, 939 ಮತ್ತೆ ಮೂರರದ್ದು. ನಾಲ್ಕೂ ಕೆಂಪು ಜಾಗಗಳು ಹುಟ್ಟುವ ಮೊದಲೇ ಸತ್ತವು. ಇನ್ನು ಈ ಹದಿನೆಂಟರಲ್ಲಿ ಅವಿಭಾಜ್ಯ ಯಾವುದು ಸಿಕ್ಕರೂ ಅದು ನೀಲಿಯೇ ಆಗಿರಬೇಕು, ಬೇರೆ ದಾರಿಯಿಲ್ಲ.

ನೀಲಿಗೆ ಉಳಿದ ಜಾಗಗಳು ನಾಲ್ಕು: +1, +5, +13, +17. (+9 ಕೂಡ ನೀಲಿಯ ಮನೆಯೇ, ಆದರೆ ಮೂರು ಅದನ್ನೂ ತಿಂದಿತು. ಕಳೆ ಕೀಳುವಾಗ ಒಂದೆರಡು ಪೈರೂ ಕಿತ್ತುಬರುತ್ತವೆ.) ಹೋಗಿ ನೋಡಿದರೆ 925 ಐದರ ಮಗ್ಗಿಯಲ್ಲಿದೆ. 929 ಅವಿಭಾಜ್ಯ. 937 ಅವಿಭಾಜ್ಯ. 941 ಅವಿಭಾಜ್ಯ. ನಡುವೆ ಮತ್ತೊಂದು ಅವಿಭಾಜ್ಯವಿಲ್ಲ. ಮೂರರ ಓಟ ಸಿಕ್ಕಿತು, ಅದೂ ಕಣ್ಣುಮುಚ್ಚಿ ಹುಡುಕಿದ್ದಲ್ಲ, ಹಾಸಿಟ್ಟ ಬಲೆಗೆ ಬಿದ್ದದ್ದು.

ಈಗ 924ರ ಹಿಂದಿನ ಮಗ್ಗುಲಿಗೆ ಬನ್ನಿ. ಕೂಡಿಸುವ ಬದಲು ಕಳೆದರೆ ಬಣ್ಣ ತಿರುಗುತ್ತದೆ: ನಾಲ್ಕರ ಗುಣಕದಿಂದ ಐದನ್ನು ಕಳೆದರೆ ಶೇಷ ಮೂರು. ಆದ್ದರಿಂದ ಆ ಕಡೆ ಸಾಯುವುದು ನೀಲಿ ಜಾಗಗಳು: 921, 917, 913, 909. ಉಳಿಯುವುದು ಕೆಂಪು: 923, 919, 911, 907. ಇವುಗಳಲ್ಲಿ 923 ಎಂದರೆ 13×71. ಮಿಕ್ಕ ಮೂರೂ ಅವಿಭಾಜ್ಯ! 924ರ ಎಡಕ್ಕೆ 5, 13, 17ರ ದೂರದಲ್ಲಿ ಮೂರು ಕೆಂಪು. ಬಲಕ್ಕೆ ಅದೇ 5, 13, 17ರ ದೂರದಲ್ಲಿ ಮೂರು ನೀಲಿ. ನಡುವೆ ಕನ್ನಡಿ ಇಟ್ಟ ಹಾಗೆ. ನನ್ನ ಚೌಕಳಿ ಪುಸ್ತಕದ ಕೊನೆಯ ಪುಟದಲ್ಲಿ ಇದು ಇದ್ದೇ ಇತ್ತು, ಬಣ್ಣ ಹಚ್ಚಿದವನೂ ನಾನೇ. 924 ಎಂಬ ಗೂಟ ಎಲ್ಲಿದೆಯೆಂದು ಗೊತ್ತಾಗುವ ತನಕ ಕಾಣಲಿಲ್ಲ. ಎಡಗಡೆಯ ಕೆಂಪು ಓಟ ನಾವು ಹಾಸಿದ ಬಲೆಯನ್ನೂ ಮೀರಿ ಹಿಂದಕ್ಕೆ 887, 883ರ ತನಕ ಹೋಗುತ್ತದೆ, ಒಟ್ಟು ಐದು. ಅದು ಶಿಯು ದಾರಿಯ ಫಲವಲ್ಲ, ಬರಿ ಅದೃಷ್ಟ.

ಕನ್ನಡಿಯಂಥ ಈ ಸೊಗಸು ಎಲ್ಲ ಕಡೆ ಸಿಗುವುದಿಲ್ಲ, ಆದರೆ ಕಳೆ ಕಿತ್ತ ಜಾಗ 924ರ ಪ್ರತಿಯೊಂದು ಗುಣಕದ ಪಕ್ಕದಲ್ಲೂ ಇದೆ. ಕೂರಿಗೆಯಲ್ಲಿ ಬಿತ್ತಿದ ಹೊಲದಂತೆ ಅವನ್ನು ಒಂದರ ಕೆಳಗೆ ಒಂದು ಸಾಲಾಗಿ ಬರೆದುಕೊಳ್ಳಿ. ಮೊದಲ ಸಾಲು 925, 929, 937, 941. ಎರಡನೆಯದು 1848ರ ಪಕ್ಕದ್ದು: 1849, 1853, 1861, 1865. ಮೂರನೆಯದು 2773, 2777, 2785, 2789. ನಾಲ್ಕನೆಯದು 3697, 3701, 3709, 3713. ಎರಡನೆಯ ಸಾಲು ನಿರಾಶೆ ಮಾಡಿತು. 1849 ಎಂದರೆ 43ರ ವರ್ಗ, 1853 ಎಂದರೆ 17×109, 1865 ಐದರದ್ದು; 1861 ಒಂಟಿ. ಮೂರನೆಯ ಸಾಲಿನಲ್ಲಿ 2777 ಮತ್ತು 2789 ನಿಂತವು. ನಾಲ್ಕನೆಯದರಲ್ಲಿ 3697, 3701, 3709 ಮೂರೂ ನಿಂತವು. 3713 ಮಾತ್ರ 47×79 ಎಂದು ಕೈಕೊಟ್ಟಿತು. ನಾಲ್ಕು ಸಾಲು, ಹದಿನಾರು ಜಾಗ, ಒಂಬತ್ತು ಅವಿಭಾಜ್ಯ, ಒಂದೂ ಕೆಂಪಿಲ್ಲ.

ಇದೇ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಇನ್ನೊಂದು ಕಾಣುತ್ತದೆ. 937, 1861, 2785, 3709: ಇದು 924ರ ಅಂತರದ ಸಮಾಂತರ ಶ್ರೇಢಿ. ಇದರಲ್ಲಿ ಅವಿಭಾಜ್ಯಗಳು ಅನಂತ ಎಂದು ಡಿರಿಕ್ಲೆ ಆಗಲೇ ಹೇಳಿದ್ದಾರೆ. ಅಡ್ಡಸಾಲಿನಲ್ಲಿ ಎಷ್ಟು ಅವಿಭಾಜ್ಯಗಳಿವೆ ಎಂದು ಯಾರೂ ಮೊದಲೇ ಹೇಳಲಾರರು. ಕಂಬಸಾಲಿನ ವಿಷಯದಲ್ಲಿ ಧೈರ್ಯವಾಗಿ ಹೇಳಬಹುದು. ಕಂಬಸಾಲುಗಳಲ್ಲಿ ಎಣಿಸು, ಫಲವನ್ನು ಅಡ್ಡಸಾಲಿನಲ್ಲಿ ಕೊಯ್ಯಿ. ಈ ಉಪಾಯ ಶಿಯು ಅವರದಲ್ಲ, ಜರ್ಮನಿಯ ಹೆಲ್ಮುಟ್ ಮೈಯರ್ ಅವರದು. 1985ರಲ್ಲಿ ಅವರು ಇದನ್ನು ತಂದದ್ದು ಬೇರೆ ಕೆಲಸಕ್ಕೆ, ಚಿಕ್ಕ ಅಂತರಗಳಲ್ಲಿ ಅವಿಭಾಜ್ಯಗಳು ಎಲ್ಲರೂ ಎಣಿಸಿದಷ್ಟು ಸಮನಾಗಿ ಹರಡಿಕೊಂಡಿಲ್ಲ ಎಂದು ತೋರಿಸಲು. ಮೈಯರ್ ಮಾತೃಕೆ ಎಂದೇ ಈಗ ಅದಕ್ಕೆ ಹೆಸರು. ಒಬ್ಬರ ಕೂರಿಗೆಯಿಂದ ಇನ್ನೊಬ್ಬರು ಬೇರೆ ಬೆಳೆ ತೆಗೆಯುವುದು ಗಣಿತದಲ್ಲಿ ಕಳ್ಳತನವಲ್ಲ.

924ರಲ್ಲಿ ಅಡಗಿರುವ ಇನ್ನೊಂದು ಸೂಕ್ಷ್ಮವನ್ನು ಬಿಟ್ಟು ಹೋಗಲಾರೆ. ಹದಿನೈದನ್ನು ಕೊಂದದ್ದು ಮೂರು ತಾನೆ? ಹದಿನೈದನ್ನು ಕೊಲ್ಲಲೆಂದೇ ನಾವೇನೂ ಸೇರಿಸಲಿಲ್ಲ. ಅದು ತಾನಾಗಿ ಸತ್ತಿತು. ಕಾರಣ, ನೀಲಿಯನ್ನು ನೀಲಿಯಿಂದ ಗುಣಿಸಿದರೆ ನೀಲಿಯೇ ಬರುತ್ತದೆ: 5×13 ಎಂದರೆ 65, ಶೇಷ ಒಂದು. ಎಷ್ಟು ನೀಲಿಗಳನ್ನು ಗುಣಿಸಿದರೂ ಕೆಂಪು ಹುಟ್ಟುವುದಿಲ್ಲ. ಆದ್ದರಿಂದ ಕೆಂಪು ಸಂಖ್ಯೆ ಯಾವುದೇ ಇರಲಿ, ಅದರ ಹೊಟ್ಟೆಯಲ್ಲಿ ಒಂದಾದರೂ ಕೆಂಪು ಅವಿಭಾಜ್ಯ ಇದ್ದೇ ಇರುತ್ತದೆ. ಕೆಂಪು ಅವಿಭಾಜ್ಯಗಳನ್ನು ಗುಣಲಬ್ಧದಲ್ಲಿ ಹಾಕಿಕೊಂಡರೆ ಸಾಕು, ಅವುಗಳ ವಂಶವೆಲ್ಲ ಹೊಲದಿಂದ ಹೋಗುತ್ತದೆ. ಶೇಷ ಒಂದರ ಈ ಗುಣವೇ ಇಡೀ ಕಟ್ಟಡದ ಬುನಾದಿ.

ಇನ್ನು ಉದ್ದ ಓಟ ಬೇಕು. ನಾಲ್ಕು ಜಾಗದಲ್ಲಿ ನಾಲ್ಕಕ್ಕಿಂತ ಹೆಚ್ಚು ಅವಿಭಾಜ್ಯ ಹಿಡಿಸುವುದಿಲ್ಲ. ಹೊಲವನ್ನು ಮೂವತ್ತಕ್ಕೆ ಹಿಗ್ಗಿಸಿದರೆ 19, 23 ಎಂಬ ಎರಡು ಹೊಸ ಕೆಂಪು ಬರುತ್ತವೆ. ಅವನ್ನೂ ಗುಣಲಬ್ಧಕ್ಕೆ ಸೇರಿಸಿದರೆ ಗೂಟ 924ರಿಂದ 4,03,788ಕ್ಕೆ ಜಿಗಿಯುತ್ತದೆ. ಜಾಗಗಳು ಆರಾಗುತ್ತವೆ: 1, 5, 13, 17, 25, 29. ಉತ್ಸಾಹದಿಂದ ಮೊದಲ ಸಾಲನ್ನು ಕೈಯಲ್ಲೇ ಭಾಗಿಸಲು ಕೂತೆ. 4,03,793 ಹದಿಮೂರಕ್ಕೆ ಹೋಯಿತು. 4,03,801 ಹದಿನೇಳಕ್ಕೆ. 4,03,805 ಐದಕ್ಕೆ. 4,03,813 ಸ್ವಲ್ಪ ಸತಾಯಿಸಿ 43ಕ್ಕೆ ಬಿತ್ತು. 4,03,789 ಮಾತ್ರ ಜಗ್ಗಲಿಲ್ಲ. ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಇನ್ನೂರು ದಾಟಿದ ಮೇಲೆ, ಇದು ಅವಿಭಾಜ್ಯವೇ ಸರಿ ಎಂದು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ, 233×1733 ಎಂದು ಬಿಚ್ಚಿಕೊಂಡಿತು. ಕೊನೆಗೆ ನಿಂತದ್ದು 4,03,817 ಒಂದೇ. ಒಂದರ ಓಟಕ್ಕೆ ಓಟವೆನ್ನುತ್ತಾರೆಯೇ?

ಈ ಸೋಲಿನಲ್ಲೇ ಮುಖ್ಯ ತೊಡಕು ಇದೆ. 924ರ ಸುತ್ತ ಅವಿಭಾಜ್ಯಗಳು ಸರಾಸರಿ ಏಳಕ್ಕೊಂದು. ನಾಲ್ಕು ಲಕ್ಷದ ಬಳಿ ಹದಿಮೂರಕ್ಕೊಂದು. ಕಳೆ ಕೀಳಲು ಗುಣಲಬ್ಧವನ್ನು ಹಿಗ್ಗಿಸಿದಷ್ಟೂ ನಾವು ದೂರ ಹೋಗುತ್ತೇವೆ, ದೂರ ಹೋದಷ್ಟೂ ಪೈರು ವಿರಳ. ಸಾಕಷ್ಟು ಪೈರು ಬೇಕೆಂದರೆ ಹೊಲ ಅಗಲವಾಗಬೇಕು. ಹೊಲ ಅಗಲವಾದರೆ 31, 43, 47 ಎಂದು ಹೊಸ ಕಳೆ. ಅದನ್ನು ಕೀಳಲು ಹೋದರೆ ಇನ್ನೂ ದೂರ. ಸಾಲ ತೀರಿಸಲು ಸಾಲ ಮಾಡಿದ ಹಾಗೆ, ಈ ಪೈಪೋಟಿ ಎಂದೂ ಗೆಲ್ಲುವಂಥದ್ದಲ್ಲ. ಕಳೆಯಿಲ್ಲದ ಹೊಲವೇ ಬೇಕೆಂದು ಹಟ ಹಿಡಿದರೆ ಉದ್ದ ಓಟ ಸಿಗುವುದಿಲ್ಲ.

ಶಿಯು ಆ ಹಟ ಬಿಟ್ಟರು. ನನ್ನ ಮಟ್ಟಿಗೆ ಅವರ ಕೈಚಳಕ ಕಾಣುವುದು ಇಲ್ಲಿ. ಒಂದು ಮಿತಿ ಹಾಕಿಕೊಂಡು ಅಲ್ಲಿಯವರೆಗಿನ ಕೆಂಪನ್ನೆಲ್ಲ ತೆಗೆಯುವುದು. ಹೊಲವನ್ನು ಮಾತ್ರ ಆ ಮಿತಿಗಿಂತ ತುಸು ಆಚೆಗೆ, ಲೆಕ್ಕ ಹಾಕಿದಷ್ಟೇ ಆಚೆಗೆ, ಚಾಚುವುದು. ಆಗ ಒಂದಿಷ್ಟು ಕೆಂಪು ಜಾಗಗಳು ಉಳಿಯುತ್ತವೆ. ಉಳಿಯಲಿ. ಅವು ಎಷ್ಟು ಎಂಬುದೇ ಪ್ರಶ್ನೆ. ಉಳಿದ ಕೆಂಪು ಪ್ರತಿಯೊಂದರಲ್ಲೂ ಮಿತಿಗಿಂತ ದೊಡ್ಡದೊಂದು ಅವಿಭಾಜ್ಯ ಇರಬೇಕು, ಅಂಥವು ಕಡಿಮೆ. ನೀಲಿ ಜಾಗಗಳೋ, ಬರಿಯ ನೀಲಿ ಅವಿಭಾಜ್ಯಗಳಿಂದ ಕಟ್ಟಿದ ಎಲ್ಲ ಸಂಖ್ಯೆಗಳು: 1, 5, 13, 17, 25, 29, 37, 41, 53, 61, 65 ಹೀಗೆ. ಇವು ಅವಿಭಾಜ್ಯಗಳಷ್ಟು ಬೇಗ ವಿರಳವಾಗುವುದಿಲ್ಲ. ಎರಡು ವರ್ಗಗಳ ಮೊತ್ತವಾಗಿ ಬರೆಯಬಲ್ಲ ಸಂಖ್ಯೆಗಳು ಎಷ್ಟು ದಟ್ಟವಾಗಿವೆ ಎಂದು ಲಾಂಡೌ 1908ರಲ್ಲಿ ಲೆಕ್ಕ ಕಟ್ಟಿದ್ದರು. ಇವೂ ಅದೇ ಜಾತಿಯವು. ಅವಿಭಾಜ್ಯಗಳು ಲಾಗರಿತಮ್‌ನ ವೇಗದಲ್ಲಿ ತೆಳುವಾದರೆ ಇವು ಆ ಲಾಗರಿತಮ್‌ನ ವರ್ಗಮೂಲದ ವೇಗದಲ್ಲಿ ತೆಳುವಾಗುತ್ತವೆ. ಮಿತಿಯನ್ನು ಏರಿಸುತ್ತ ಹೋದಂತೆ ಒಂದು ಕೆಂಪಿಗೆ ಹತ್ತು ನೀಲಿ, ನೂರು ನೀಲಿ, ಲಕ್ಷ ನೀಲಿ ಎಂದು ತಕ್ಕಡಿ ನೀಲಿಯ ಕಡೆಗೆ ವಾಲುತ್ತದೆ. ಬಹಳ ನಿಧಾನ, ಆದರೆ ನಿಲ್ಲುವುದಿಲ್ಲ.

ಈಗ ಕಂಬಸಾಲುಗಳ ಎಣಿಕೆ. ಬದುಕಿರುವ ಪ್ರತಿಯೊಂದು ಕಂಬಸಾಲಿಗೂ ಹೆಚ್ಚುಕಡಿಮೆ ಸಮಪಾಲು ಅವಿಭಾಜ್ಯ ಸಿಗುತ್ತದೆ ಎಂದಾದರೆ, ಕಂಬಸಾಲುಗಳಲ್ಲಿ ನೀಲಿ ಎಷ್ಟು ಪಟ್ಟು ಹೆಚ್ಚೋ ಅವಿಭಾಜ್ಯಗಳಲ್ಲೂ ಅಷ್ಟೇ ಪಟ್ಟು ಹೆಚ್ಚು. ಈ ‘ಆದರೆ’ ಸಣ್ಣದಲ್ಲ. ಗುಣಲಬ್ಧ ದೈತ್ಯವಾದಾಗ ಸಮಪಾಲನ್ನು ಕೆಡಿಸಬಲ್ಲ ಒಂದು ಅಪಶಕುನದ ಸಾಧ್ಯತೆಯನ್ನು ಗಣಿತಜ್ಞರು ಇಂದಿಗೂ ಪೂರ್ತಿ ತಳ್ಳಿಹಾಕಿಲ್ಲ. ಅದಕ್ಕೆ ಮೈಯರ್ ಕಾಲದಿಂದ ಬಂದ ಪರಿಹಾರ ಬಹಳ ಸರಳ: ತಂಟೆ ತರಬಹುದಾದ ಒಂದೇ ಒಂದು ಅವಿಭಾಜ್ಯವನ್ನು ಗುಣಲಬ್ಧದಿಂದ ಬಿಟ್ಟುಬಿಡುವುದು. ಒಂದು ಕಳೆ ಉಳಿದರೆ ಬೆಳೆಯೇನೂ ಹಾಳಾಗುವುದಿಲ್ಲ, ಆದರೆ ಪಾಲು ನೇರವಾಗುತ್ತದೆ. ಎಲ್ಲಿ ಕೀಳಬಾರದು ಎಂದು ತಿಳಿದಿರುವುದೂ ಕಸುಬೇ.

ಕೊನೆಯ ಹೆಜ್ಜೆಗೆ ಗಣಿತವೇ ಬೇಡ. ಸಾವಿರ ಬಿಳಿ ಮಣಿ, ಒಂಬತ್ತು ಕರಿಮಣಿ ಇವೆ ಎನ್ನಿ. ಹೇಗೆ ಬೇಕಾದರೂ ಪೋಣಿಸಿ ಒಂದು ದಾರ ಮಾಡಿ. ಒಂಬತ್ತು ಕರಿಮಣಿಗಳು ದಾರವನ್ನು ಹೆಚ್ಚೆಂದರೆ ಹತ್ತು ತುಂಡು ಮಾಡಬಲ್ಲವು. ಸಾವಿರ ಬಿಳಿಮಣಿ ಆ ಹತ್ತರಲ್ಲಿ ಹಂಚಿಹೋದರೆ ಯಾವುದೋ ಒಂದು ತುಂಡಿನಲ್ಲಿ ನೂರಾದರೂ ಇರಲೇಬೇಕು. ಕರಿಮಣಿಯನ್ನು ಎಷ್ಟು ಕಿಲಾಡಿತನದಿಂದ ನಡುನಡುವೆ ಇಟ್ಟರೂ ತಪ್ಪಿಸಲಾಗದು. ಹಾಗೆಯೇ ಯಾವುದೋ ಒಂದು ಅಡ್ಡಸಾಲಿನಲ್ಲಿ ನೀಲಿ ಅವಿಭಾಜ್ಯಗಳ ಉದ್ದ ಓಟ ಇರಲೇಬೇಕು. ಯಾವ ಸಾಲು ಎಂದು ಕೇಳಬೇಡಿ. ಪ್ರಮೇಯಕ್ಕೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವಿಭಾಜ್ಯಗಳಿಗೆ ಮರುಕಳಿಸುವುದು ಇಷ್ಟವೋ ಇಲ್ಲವೋ ಎಂಬ ಪ್ರಶ್ನೆಯೂ ಈ ವಾದದಲ್ಲಿ ಒಮ್ಮೆಯೂ ಬರಲಿಲ್ಲ.

ಶೇಷ ಒಂದಾದರೆ ಬಲಮಗ್ಗುಲು, ಭಾಜಕಕ್ಕೆ ಒಂದು ಕಮ್ಮಿಯಾದರೆ ಎಡಮಗ್ಗುಲು. ಬಿಡಿಸ್ಥಾನದ 3 ಅಥವಾ 7ರಂಥ ನಡುವಿನ ಶೇಷಗಳಿಗೆ (1627, 1637, 1657 ಅಂಥದ್ದೊಂದು ಓಟ) ಕನ್ನಡಿ ಸಾಲದು. ಅಲ್ಲಿ ಶೇಷ ಒಂದರ ಅವಿಭಾಜ್ಯಗಳ ಜೊತೆಗೆ ನಮಗೆ ಬೇಕಾದ ಶೇಷದ ಕೆಲವನ್ನೂ ಕೀಳದೆ ಉಳಿಸಿ, ಉಳಿಯುವ ಜಾಗಗಳಲ್ಲಿ ಅಂಥದ್ದು ಒಂದೊಂದೇ ಇರುವಂತೆ ನೋಡಿಕೊಳ್ಳಬೇಕು. ಲೆಕ್ಕ ಜಟಿಲ, ಪಟ್ಟು ಅದೇ.

ಇದಕ್ಕೆ ತೆರುವ ಬೆಲೆ ನಿಧಾನಗತಿ. ಇಷ್ಟು ದೊಡ್ಡ ಸಂಖ್ಯೆಯೊಳಗೆ ಇಷ್ಟು ಉದ್ದದ ಓಟ ಖಂಡಿತ ಎಂದು ಶಿಯು ಕೊಡುವ ಭರವಸೆ ಲಾಗರಿತಮ್‌ನ ಲಾಗರಿತಮ್‌ಗಿಂತಲೂ ಮೆಲ್ಲಗೆ ಬೆಳೆಯುತ್ತದೆ. ನೂರು ಅಂಕಿಗಳ ಸಂಖ್ಯೆಯ ಲಾಗರಿತಮ್ 230ರ ಆಸುಪಾಸು, ಅದರ ಲಾಗರಿತಮ್ ಐದೂವರೆ. ನಮ್ಮ 11593 ಐದೇ ಅಂಕಿಯಲ್ಲಿ ಒಂಬತ್ತರ ಓಟ ಕೊಟ್ಟಿದ್ದು ನೆನಪಿದೆಯಲ್ಲ. ನಿಜಕ್ಕೂ ನಡೆಯುವುದಕ್ಕೂ ಸಾಧಿಸಲು ಆಗುವುದಕ್ಕೂ ನಡುವೆ ಅಷ್ಟು ದೂರ.

2013ರಲ್ಲಿ ಜೇಮ್ಸ್ ಮೇನಾರ್ಡ್ ಮತ್ತು ಟೆರೆನ್ಸ್ ಟಾವ್ ಹೊಸ ಜರಡಿಯೊಂದನ್ನು ಕಟ್ಟಿದ ಮೇಲೆ ಬ್ಯಾಂಕ್ಸ್, ಫ್ರೈಬರ್ಗ್, ಟರ್ನೇಜ್-ಬಟರ್‌ಬಾ ಎಂಬ ಮೂವರು ಶಿಯು ಪ್ರಮೇಯಕ್ಕೆ ಬೇರೆ ದಾರಿ ತೆರೆದರು. ಇಂಥ ಓಟಗಳು ಅಪರೂಪವಲ್ಲ, ಒಟ್ಟು ಅವಿಭಾಜ್ಯಗಳಲ್ಲಿ ಒಂದು ನಿಶ್ಚಿತ ಪಾಲು ಅವುಗಳಲ್ಲಿವೆ ಎಂದು ಮೇನಾರ್ಡ್ ತೋರಿಸಿದರು. ಹೊಸ ದಾರಿ ಹೆಚ್ಚು ಬಲವಾದದ್ದು, ಅದರಲ್ಲಿ ಅನುಮಾನವಿಲ್ಲ. ಆದರೂ ನನಗೆ ಹಳೆಯದೇ ಇಷ್ಟ. ಮೇನಾರ್ಡ್ ಜರಡಿಯನ್ನು ನಾನು ಅಂಗೈಯಲ್ಲಿ ಹಿಡಿಯಲಾರೆ, 924ನ್ನು ಹಿಡಿಯಬಲ್ಲೆ.

ನೀವೂ ಹಿಡಿಯಬಹುದು. ಐದನೆಯ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಗೂಟ 4620, ಜಾಗಗಳು 4621, 4625, 4633, 4637. ಎರಡನೆಯದು ಐದಕ್ಕೆ ಹೋಯಿತು, ಮೂರನೆಯದು 41ರ ಮಗ್ಗಿ ಬಲ್ಲವರಿಗೆ ಸಿಕ್ಕಿಬೀಳುತ್ತದೆ. ಉಳಿದ ಎರಡನ್ನು ಪೆನ್ನು ಹಿಡಿದು ಪರೀಕ್ಷಿಸಿ. 67ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.